ಬ್ರೇಕ್ ಸುಟ್ಟ ದಾರಿಯಲ್ಲಿ ಹುಟ್ಟಿದ ಸೈಕಲ್

(ಮೈಸೂರಿನ ಸೈಕಲ್ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಹಾಗಾಗಿ ಕೆಲವು ಕಡೆ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗೆಳೆಯರು ನನಗೆ ಕೊಟ್ಟ ಪ್ರಶ್ನೆ, ಮೌಂಟನ್ ಬೈಕ್ ಕಂಡುಹಿಡಿದವರು ಯಾರು ಅಂತ. ಒಂದು ಹೆಸರು ಹೇಳಿ ಕೂತುಬಿಡಬಹುದಿದ್ದರೆ ನನಗೂ ಸುಲಭ, ನಿಮಗೂ ಕಾಫಿ ಬೇಗ ಸಿಗುತ್ತಿತ್ತು. ಆದರೆ ಹಾಗೆ ಹೇಳಲು ಆಗುವುದಿಲ್ಲ. 1950ರ ದಶಕದಲ್ಲೇ ಪ್ಯಾರಿಸ್ ಸುತ್ತಮುತ್ತಲಿನ ಕೆಲವು ಹುಡುಗರು ಒಂದು ಕ್ಲಬ್ ಕಟ್ಟಿಕೊಂಡು, ಸೈಕಲ್ಲುಗಳನ್ನು ಮಾರ್ಪಡಿಸಿ ಮಣ್ಣಿನ ಹಾದಿಯಲ್ಲಿ ಓಡಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಜೆಫ್ ಆ್ಯಪ್ಸ್ ಎಂಬಾತ 1970ರ ದಶಕದ ಕೊನೆಗೆ ತನ್ನದೇ ಕಾಡುದಾರಿ ಸೈಕಲ್ ಮಾಡಿದ. ನಮ್ಮ ಹಳ್ಳಿಗಳಲ್ಲಿ ಹಾಲಿನ ಕ್ಯಾನು ನೇತುಹಾಕಿಕೊಂಡು ಗದ್ದೆ ಬದುವಿನ ಮೇಲೆ ಹೋಗುವವರನ್ನು ಏನೆಂದು ಕರೆಯೋಣ? ಡಾಂಬರು ಬಿಟ್ಟು ಸೈಕಲ್ ಹೊಡೆಯುವುದು ಸೈಕಲ್‌ನಷ್ಟೇ ಹಳೆಯದು.

ಆದರೂ ಇವತ್ತು ಅಂಗಡಿಯಲ್ಲಿ ಮೌಂಟನ್ ಬೈಕ್ ಅಂತ ನಿಂತಿರುವ ವಸ್ತು ಒಂದೇ ಜಾಗದಿಂದ ಬಂದದ್ದು. ಅದು ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಸಿಗುವ ಮರೀನ್ ಕೌಂಟಿ. ಉಳಿದ ಕಡೆ ಅರ್ಧಕ್ಕೆ ನಿಂತದ್ದು ಅಲ್ಲಿ ಮಾತ್ರ ಯಾಕೆ ಬೆಳೆಯಿತು? ನನಗೆ ಹೊಳೆಯುವ ಕಾರಣ ಇದು: ಅಲ್ಲಿ ಬೆಟ್ಟ ಇಳಿಯುವವನೂ ಕೊಳವೆ ಬೆಸೆದು ಸೈಕಲ್ ಕಟ್ಟುವವನೂ ಒಬ್ಬನೇ ಆಗಿದ್ದ. ಇಲ್ಲದಿದ್ದರೆ ಒಬ್ಬರಿಗೊಬ್ಬರು ಗೆಳೆಯರಾಗಿದ್ದರು. ದಾರಿಯಲ್ಲಿ ಮುರಿದದ್ದು ಅದೇ ವಾರ ಕಾರ್ಖಾನೆಯ ಮೇಜಿಗೆ ಬರುತ್ತಿತ್ತು. ಇವತ್ತಿನ ನನ್ನ ಮಾತೆಲ್ಲ ಈ ಒಂದು ವಿಷಯದ ಸುತ್ತಲೇ.

ಮರೀನ್‌ನಲ್ಲಿ ಟ್ಯಾಮಲ್‌ಪಾಯಸ್ ಅಂತ ಒಂದು ಬೆಟ್ಟ ಇದೆ. ಎತ್ತರ ಸುಮಾರು 780 ಮೀಟರ್. ಬೆಂಕಿ ಬಿದ್ದಾಗ ವಾಹನ ಹೋಗಲೆಂದು ಮಾಡಿದ ಮಣ್ಣಿನ ರಸ್ತೆಗಳು ಅಲ್ಲಿ ತುಂಬ. 1970ರ ದಶಕದ ಆರಂಭದಲ್ಲಿ ಅಲ್ಲಿನ ಹುಡುಗರು ಗುಜರಿಯಿಂದ ಹಳೆಯ ಶ್ವಿನ್ ಸೈಕಲ್ಲುಗಳನ್ನು ತಂದು ಈ ರಸ್ತೆಗಳಲ್ಲಿ ಇಳಿಸತೊಡಗಿದರು. ಶ್ವಿನ್ ಕಂಪನಿ 1933ರಲ್ಲಿ ಅಮೆರಿಕದ ಮಕ್ಕಳಿಗೆಂದು ದಪ್ಪ ಬಲೂನ್ ಟೈರಿನ ಸೈಕಲ್ ತಂದಿತ್ತು. ಪೇಪರ್ ಹಾಕುವ ಹುಡುಗರು ಫುಟ್‌ಪಾತ್ ಮೇಲೆ ಹತ್ತಿಸಿ ಇಳಿಸಿ ಬಡಿದರೂ ಜಗ್ಗದ ಸೈಕಲ್ ಅದು. ತೂಕ 20 ಕಿಲೋ ದಾಟುತ್ತಿತ್ತು. ಅದರಲ್ಲೂ ಯುದ್ಧಕ್ಕೆ ಮೊದಲಿನ ಎಕ್ಸೆಲ್ಸಿಯರ್ ಮಾದರಿಯ ಫ್ರೇಮ್ ಅಂದರೆ ಈ ಹುಡುಗರಿಗೆ ಪ್ರಾಣ. ತಮಾಷೆ ಏನೆಂದರೆ, ಇವರಲ್ಲಿ ಹಲವರು ರಸ್ತೆ ರೇಸಿನವರು. ವಾರವಿಡೀ ತೆಳು ಟೈರಿನ ಇಟಾಲಿಯನ್ ಸೈಕಲ್ಲು, ರಜೆ ಬಂದರೆ ಗುಜರಿ ಶ್ವಿನ್ನು.

ಮರೀನ್‌ನಲ್ಲೇ ಫೇರ್‌ಫ್ಯಾಕ್ಸ್ ಊರಿನ ಪಕ್ಕ ಒಂದು ಇಳಿಜಾರು. ಸುಮಾರು 3 ಕಿಲೋಮೀಟರ್ ಉದ್ದದಲ್ಲಿ 1,300 ಅಡಿ, ಅಂದರೆ 400 ಮೀಟರ್ ಇಳಿತ. ನಮ್ಮ ಚಾಮುಂಡಿ ಬೆಟ್ಟ ಊರಿನ ನೆಲದಿಂದ ಸುಮಾರು 300 ಮೀಟರ್ ಎತ್ತರ. ಅದಕ್ಕಿಂತ ಜಾಸ್ತಿ ಇಳಿತ, ಅದೂ ಜಲ್ಲಿ ಮಣ್ಣಿನ ಮೇಲೆ. ಈ ಹಳೆ ಸೈಕಲ್ಲುಗಳಿಗೆ ಇದ್ದದ್ದು ಹಿಂಬದಿ ಹಬ್, ಅಂದರೆ ಚಕ್ರದ ನಡುಗುಂಭದೊಳಗಿನ ಕೋಸ್ಟರ್ ಬ್ರೇಕ್. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುತ್ತದೆ. ಒಂದು ಸಲ ಕೆಳಗೆ ಬರುವಷ್ಟರಲ್ಲಿ ಹಬ್ ಕಾದು, ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಇಳಿಯಬೇಕಾದರೆ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಇಂಗ್ಲಿಷಿನಲ್ಲಿ ಹಾಗೆ ಮತ್ತೆ ತುಂಬುವುದಕ್ಕೆ ‘ರೀಪ್ಯಾಕ್’ ಅನ್ನುತ್ತಾರೆ. ದಾರಿಗೂ ಅದೇ ಹೆಸರು ಬಿತ್ತು.

ಯಾರು ಜೋರು ಅನ್ನುವ ಜಗಳ ತೀರಿಸಲು 1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ ರೇಸ್ ನಡೆಯಿತು. ನಡೆಸಿದವರು ಚಾರ್ಲಿ ಕೆಲ್ಲಿ. ಆತ ರಾಕ್ ಬ್ಯಾಂಡೊಂದರ ಸಾಮಾನು ಸಾಗಿಸುವ ಕೆಲಸದಲ್ಲಿದ್ದ. ಎರಡೆರಡು ನಿಮಿಷಕ್ಕೆ ಒಬ್ಬರಂತೆ ಬಿಟ್ಟು, ಮೇಲೂ ಕೆಳಗೂ ಗಡಿಯಾರ ಹಿಡಿದು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಮೊದಲ ಸಲ ಗೆದ್ದವನು ಆ್ಯಲನ್ ಬಾಂಡ್ಸ್. ಬೀಳದೆ ಕೆಳಗೆ ಮುಟ್ಟಿದ್ದು ಅವನೊಬ್ಬನೇ ಅನ್ನುತ್ತಾರೆ. ಆಮೇಲೆ ದಾಖಲೆ ಗ್ಯಾರಿ ಫಿಶರ್ ಹೆಸರಿಗೆ ಹೋಯಿತು, 4 ನಿಮಿಷ 22 ಸೆಕೆಂಡ್. ಎರಡೇ ಸೆಕೆಂಡ್ ಹಿಂದೆ ಜೋ ಬ್ರೀಜ್. ಈ ಗುಂಪಿನಲ್ಲಿ ವೆಂಡಿ ಕ್ರಾಗ್ ಎಂಬ ಹೆಣ್ಣುಮಗಳೂ ಇದ್ದರು. ಅವರೂ ಇಳಿಯುತ್ತಿದ್ದರು, ಜೊತೆಗೆ ಕ್ಯಾಮರಾ ಇಟ್ಟುಕೊಂಡಿರುತ್ತಿದ್ದರು. ಆ ದಿನಗಳ ಬಗ್ಗೆ ನಾವು ನೋಡುವ ಹೆಚ್ಚಿನ ಫೋಟೋಗಳು ಅವರದೇ.

ನನ್ನ ಮಟ್ಟಿಗೆ ಆ ನೋಟ್‌ಬುಕ್ ಬಹಳ ದೊಡ್ಡ ಸಂಗತಿ. ಗಡಿಯಾರ ಬಂದ ಮೇಲೆ ‘ನನ್ನ ಸೈಕಲ್ ಚೆನ್ನಾಗಿದೆ’ ಅನ್ನುವ ಮಾತಿಗೆ ಬೆಲೆ ಇಲ್ಲ. ಬ್ರೇಕ್ ಬದಲಾಯಿಸಿದೆ, ಎಷ್ಟು ಸೆಕೆಂಡ್ ಉಳಿಯಿತು? ಡ್ರಮ್ ಬ್ರೇಕ್ ಬಂತು, ಮೋಟರ್ ಸೈಕಲ್ಲಿನ ಬ್ರೇಕ್ ಲಿವರ್ ಬಂತು, ಗೇರ್ ಬಂತು. ಗೇರಿನ ವಿಷಯದಲ್ಲಿ ಇನ್ನೊಂದು ಗುಂಪಿಗೂ ಪಾಲಿದೆ. 1974ರ ಡಿಸೆಂಬರ್‌ನಲ್ಲಿ ಮರೀನ್‌ನ ಮಿಲ್ ವ್ಯಾಲಿಯಲ್ಲಿ ನಡೆದ ಒಂದು ಸೈಕ್ಲೋಕ್ರಾಸ್ ರೇಸಿಗೆ, ಅಂದರೆ ಮಣ್ಣು ಕೆಸರಿನ ಸೈಕಲ್ ರೇಸಿಗೆ, ಕ್ಯುಪರ್ಟಿನೋ ಊರಿನ ಕಡೆಯ ಹುಡುಗರು ದಪ್ಪ ಟೈರಿನ ಸೈಕಲ್ಲಿಗೆ ಗೇರ್ ಹಾಕಿಸಿಕೊಂಡು ಬಂದಿದ್ದರು. ಮರೀನ್‌ನವರು ಕಣ್ಣು ಬಿಟ್ಟು ನೋಡಿದರು. ಕ್ಯುಪರ್ಟಿನೋದವರು ಆಮೇಲೆ ಬೇರೆ ಹುಚ್ಚುಗಳಿಗೆ ಹೋದರು. ಮರೀನ್‌ನವರು ಬಿಡಲಿಲ್ಲ.

ಈಗ ಟಾರ್ಚಿನ, ಅಂದರೆ ಬೆಸುಗೆಯ ಗ್ಯಾಸ್ ಜ್ವಾಲೆಯ ಕಥೆ.

ಹಳೆ ಶ್ವಿನ್ ಫ್ರೇಮುಗಳು ಮುರಿಯುತ್ತಿದ್ದವು. ಮುರಿದಷ್ಟೂ ಗುಜರಿಯಲ್ಲಿ ಸಿಗುವುದು ಕಡಿಮೆಯಾಗುತ್ತಿತ್ತು. ಆಗ ಕೆಲ್ಲಿ ಜೋ ಬ್ರೀಜ್‌ನನ್ನು ಕೇಳಿದ: ಒಂದು ಹೊಸ ಫ್ರೇಮ್ ಮಾಡಿಕೊಡ್ತೀಯಾ? ಬ್ರೀಜ್‌ಗೆ ಹಿನ್ನೆಲೆ ಇತ್ತು. ಅಪ್ಪನಿಗೆ ಮೆಷಿನ್ ಶಾಪ್ ಇತ್ತು. ರಸ್ತೆ ಸೈಕಲ್ ಫ್ರೇಮ್ ಕಟ್ಟುವುದನ್ನು ಆತ 1974ರಲ್ಲಿ ಆಲ್ಬರ್ಟ್ ಐಸೆನ್‌ಟ್ರಾಟ್ ಬಳಿ ಕಲಿತಿದ್ದ. 1977ರಲ್ಲಿ ಮೊದಲ ಬ್ರೀಜರ್ ಸಿದ್ಧವಾಯಿತು. ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ‘ಕ್ರೋಮ್ ಮಾಲಿ’ ಉಕ್ಕಿನ ಕೊಳವೆ, ಮೈಮೇಲೆ ನಿಕಲ್ ಲೇಪ, ಪ್ರತಿ ಬಿಡಿಭಾಗವೂ ಹೊಸದು. ಅದನ್ನು ತೆಗೆದುಕೊಂಡು ಹೋಗಿ ರೀಪ್ಯಾಕ್‌ನಲ್ಲಿ ಗೆದ್ದೂ ಬಂದ. ಅಂಥ ಹತ್ತು ಸೈಕಲ್ ಮಾಡಿದ. ಮೊದಲನೆಯದು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಅದರ ಫೋಟೋ ಸಿಕ್ಕರೆ ಗಮನಿಸಿ, ಹ್ಯಾಂಡಲ್ ಕೊಳವೆಯಿಂದ ಹಿಂದಿನ ಚಕ್ರದ ಕಡೆಗೆ ಎರಡೂ ಪಕ್ಕದಲ್ಲಿ ಒಂದೊಂದು ಸಪೂರ ಕೊಳವೆ ಓರೆಯಾಗಿ ಹೋಗಿದೆ. ಫ್ರೇಮ್ ತಿರುಚದಿರಲಿ ಅಂತ. ಆಮೇಲೆ ಅದು ಬೇಕಿಲ್ಲ ಅಂತ ಗೊತ್ತಾಯಿತು. ಸ್ವಲ್ಪ ದಪ್ಪ ಕೊಳವೆ ಹಾಕಿದರೆ ಅದೇ ಕೆಲಸ ಆಗುತ್ತದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಫ್ರೇಮ್ ಕಟ್ಟುವುದು ಅಂದರೆ ಏನು ಅಂತ ಹೇಳದೆ ಮುಂದೆ ಹೋದರೆ ಸರಿಯಲ್ಲ. ಸುಮ್ನೆ ಹೇಳುವುದಾದರೆ, ಈ ಭಾಗಕ್ಕಾಗಿಯೇ ನಾನು ಮಾತಿಗೆ ಒಪ್ಪಿಕೊಂಡದ್ದು.

ಉಕ್ಕಿನ ಒಳ್ಳೆಯ ಕೊಳವೆ ಉದ್ದಕ್ಕೂ ಒಂದೇ ದಪ್ಪ ಇರುವುದಿಲ್ಲ. ಬೆಸುಗೆ ಬೀಳುವ ಎರಡು ತುದಿಯಲ್ಲಿ ಗೋಡೆ ದಪ್ಪ, ನಡುವೆ ತೆಳು. ತುದಿಯಲ್ಲಿ 0.9 ಮಿಲಿಮೀಟರ್, ನಡುವೆ 0.6, ಹೀಗೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಬೆರಳಿನಿಂದ ತಟ್ಟಿದರೆ ಗೊತ್ತಾಗುತ್ತದೆ, ನಡುವೆ ಬೇರೆ ಸದ್ದು. ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ರೆನಾಲ್ಡ್ಸ್ 1897ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಅವರ 531 ಎಂಬ ಕೊಳವೆ 1935ರಲ್ಲಿ ಬಂತು. ಹಳೆಯ ರೇಸ್ ಸೈಕಲ್ ಇಷ್ಟಪಡುವವರು ಆ ಮೂರು ಅಂಕಿಯ ಸ್ಟಿಕರ್ ಕಂಡರೆ ಸಾಕು, ಬೆಲೆ ಕೇಳುವುದನ್ನೇ ಮರೆಯುತ್ತಾರೆ.

ಎರಡು ಕೊಳವೆ ಸೇರಬೇಕಾದರೆ ಒಂದರ ತುದಿಯನ್ನು ಇನ್ನೊಂದರ ದುಂಡಿಗೆ ಕೂರುವಂತೆ ಕೊರೆಯಬೇಕು. ಮೆಷಿನ್ ಇದ್ದರೆ ಬೇಗ. ಇಲ್ಲದಿದ್ದರೆ ಗರಗಸ ಮತ್ತು ಅರ್ಧ ದುಂಡು ಅರ. ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣಬಾರದು. ಆಮೇಲೆ ಲೋಹವನ್ನು ಶುಚಿಯಾಗಿಡುವ ಫ್ಲಕ್ಸ್ ಬಳಿದು, ಕೊಳವೆಗಳನ್ನು ಅಲುಗದಂತೆ ಹಿಡಿಯುವ ಚೌಕಟ್ಟಾದ ಜಿಗ್‌ನಲ್ಲಿ ಹಿಡಿಸಿ, ಟಾರ್ಚಿನಿಂದ ಕಾಯಿಸಿ ಹಿತ್ತಾಳೆ ಕಡ್ಡಿ ಮುಟ್ಟಿಸಬೇಕು. ಹಿತ್ತಾಳೆ ಸುಮಾರು 900 ಡಿಗ್ರಿಯಲ್ಲಿ ಹರಿಯುತ್ತದೆ. ಉಕ್ಕು ಕರಗುವುದು 1,400ರ ಮೇಲೆ. ಹಾಗಾಗಿ ಕೊಳವೆ ಕರಗುವುದಿಲ್ಲ, ನಡುವಿನ ಕೂದಲೆಳೆ ಸಂದಿಗೆ ಹಿತ್ತಾಳೆ ತಾನೇ ನುಗ್ಗುತ್ತದೆ. ಕರಗಿದ ಲೋಹ ಬಿಸಿ ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ. ಕುಶಲ ಕೆಲಸಗಾರ ಕಡ್ಡಿಯನ್ನು ಒಂದು ಕಡೆ ಇಟ್ಟು, ಜ್ವಾಲೆಯನ್ನು ಇನ್ನೊಂದು ಕಡೆ ಆಡಿಸಿ, ಹಿತ್ತಾಳೆಯನ್ನು ಬೇಕಾದಲ್ಲಿಗೆ ಕರೆದುಕೊಂಡು ಹೋಗುತ್ತಾನೆ. ನೋಡುತ್ತಾ ನಿಂತರೆ ಊಟ ನೆನಪಾಗುವುದಿಲ್ಲ.

ನಮ್ಮ ಕರಿ ಸೈಕಲ್ಲಿನಲ್ಲಿ ಕೊಳವೆಗಳು ಸೇರುವ ಕಡೆ ತೋಳಿನಂಥ ಒಂದು ತುಂಡು ಕಾಣುತ್ತದೆ ಅಲ್ವಾ? ಅದಕ್ಕೆ ಲಗ್ ಅನ್ನುತ್ತಾರೆ. ಲಗ್ ಬಂದರೆ ಕೆಲಸ ಸುಲಭ, ಗಟ್ಟಿ, ಚಂದ. ಆದರೆ ಲಗ್ ಅಚ್ಚು ಹಾಕಿದ ವಸ್ತು. ಅದರ ಕೋನ, ಅದರ ಬಾಯಿ, ಎರಡೂ ಮೊದಲೇ ತೀರ್ಮಾನವಾಗಿರುತ್ತವೆ. ಬೆಟ್ಟದ ಸೈಕಲ್ಲಿಗೆ ದಪ್ಪ ಕೊಳವೆ ಬೇಕು, ಬೇರೆ ಕೋನ ಬೇಕು. ಅದಕ್ಕೆ ಹೊಂದುವ ಲಗ್ ಆಗ ಇರಲೇ ಇಲ್ಲ. ಪ್ಯಾಲೋ ಆಲ್ಟೋದ ಟಾಮ್ ರಿಚಿ ಕಥೆಗೆ ಬರುವುದು ಇಲ್ಲಿ. ಹದಿಹರೆಯದಲ್ಲೇ ಫ್ರೇಮ್ ಕಟ್ಟಿ ಮಾರುತ್ತಿದ್ದ ಹುಡುಗ. ಲಗ್ ಇಲ್ಲದೆ ಬರೀ ಹಿತ್ತಾಳೆಯನ್ನೇ ಮೂಲೆಯಲ್ಲಿ ದಪ್ಪಗೆ ತುಂಬಿ, ಅರದಿಂದ ನಯವಾಗಿ ಉಜ್ಜುವ ಫಿಲೆಟ್ ಬೆಸುಗೆಯಲ್ಲಿ ಅವನ ಕೈ ಪಳಗಿತ್ತು. ಯಾವ ಕೊಳವೆಯನ್ನಾದರೂ ಯಾವ ಕೋನದಲ್ಲಾದರೂ ಸೇರಿಸಬಲ್ಲ. ಬ್ರೀಜ್ ಮಾಡಿದ ಸೈಕಲ್ಲನ್ನು ರಿಚಿ ನೋಡಿದ, 1979ರಲ್ಲಿ ತಾನೂ ಮಾಡಿದ, ಒಂದು ಗ್ಯಾರಿ ಫಿಶರ್‌ಗೂ ಕೊಟ್ಟ. ಆಮೇಲೆ ಮಾಡುತ್ತಲೇ ಹೋದ. ಫ್ರೇಮುಗಳು ರಾಶಿ ಬಿದ್ದಾಗ ಫಿಶರ್‌ಗೆ ಹೇಳಿದ, ಮಾರಿಕೊಡು ಅಂತ. ಫಿಶರ್ ಮತ್ತು ಕೆಲ್ಲಿ ಸೇರಿ ‘ಮೌಂಟನ್‌ಬೈಕ್ಸ್’ ಹೆಸರಿನ ಅಂಗಡಿ ತೆರೆದರು. ಒಂದೊಂದು ಸೈಕಲ್ಲಿಗೆ ಸುಮಾರು 1,300 ಡಾಲರ್. ಆ ಹೆಸರನ್ನು ತಮ್ಮದೇ ಅಂತ ನೋಂದಾಯಿಸಲು ಹೋದರು, ಆಗಲಿಲ್ಲ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ರಿಚಿಯ ಮಾದರಿಯನ್ನೇ ನೋಡಿಕೊಂಡು ಜಪಾನಿನಲ್ಲಿ ಮಾಡಿಸಿದ ಸ್ಟಂಪ್‌ಜಂಪರನ್ನು 750 ಡಾಲರಿಗೆ ತಂದಿತು. ಅಲ್ಲಿಂದ ಮುಂದಿನದು ವ್ಯಾಪಾರದ ಕಥೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಇದು ಪದಕದ ಆಟವೂ ಆಯಿತು. ಅದನ್ನು ಇಲ್ಲಿಗೇ ಬಿಡೋಣ.

ಕೋನ ಅಂದೆನಲ್ಲ, ಅದರ ಬಗ್ಗೆ ಎರಡು ಮಾತು. ಹ್ಯಾಂಡಲ್ ತಿರುಗುವ ಕೊಳವೆಯ ನಡುವೆ ಒಂದು ಗೆರೆ ಎಳೆದು ನೆಲದವರೆಗೆ ತನ್ನಿ. ಆ ಗೆರೆ ನೆಲ ಮುಟ್ಟುವ ಜಾಗ, ಮುಂದಿನ ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಇರುತ್ತದೆ. ಈ ಎರಡರ ನಡುವಿನ ದೂರವೇ ಟ್ರೇಲ್. ಚಕ್ರ ಸದಾ ಈ ಗೆರೆಯ ಹಿಂದೆ ಎಳೆದುಕೊಂಡು ಬರುವುದರಿಂದ ತಾನೇ ನೇರವಾಗಲು ನೋಡುತ್ತದೆ. ರಸ್ತೆ ರೇಸ್ ಸೈಕಲ್ಲಿನಲ್ಲಿ ಆ ಕೊಳವೆ ನೆಲಕ್ಕೆ 73 ಡಿಗ್ರಿ, ಟ್ರೇಲ್ ಸುಮಾರು 55 ಮಿಲಿಮೀಟರ್. ಹ್ಯಾಂಡಲ್ ಚುರುಕು. ಈಗಿನ ಬೆಟ್ಟದ ಸೈಕಲ್ಲಿನಲ್ಲಿ 65 ಡಿಗ್ರಿ, ಟ್ರೇಲ್ 120 ದಾಟುತ್ತದೆ. ಕಲ್ಲಿಗೆ ಹೊಡೆದರೂ ಮುಂದಿನ ಚಕ್ರ ದಾರಿ ಬಿಡುವುದಿಲ್ಲ. ಅದಕ್ಕೆ ತೆರುವ ಬೆಲೆಯೂ ಇದೆ. ನಿಧಾನಕ್ಕೆ ಕಡಿದಾದ ಏರು ಹತ್ತುವಾಗ ಮುಂದಿನ ಚಕ್ರ ಆಚೆ ಈಚೆ ತೂಗಾಡುತ್ತದೆ.

ಬ್ರೀಜ್ ತನ್ನ ಮೊದಲ ಸೈಕಲ್ಲಿಗೆ ಹಳೆಯ ಶ್ವಿನ್‌ನ ಓರೆಯನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದ. ಆ ಓರೆಗೆ ರೀಪ್ಯಾಕ್ ಒಪ್ಪಿಗೆ ಕೊಟ್ಟಿತ್ತು. ಆಮೇಲೆ ಏನಾಯಿತು ನೋಡಿ. 1980ರ ದಶಕದಲ್ಲಿ ರೇಸುಗಳು ಹೆಚ್ಚಾದವು. ಅವುಗಳಲ್ಲಿ ಸುತ್ತು ಹೊಡೆಯಬೇಕು, ಏರು ಹತ್ತಬೇಕು. ಕೋನ ನೆಟ್ಟಗಾಗುತ್ತಾ 71 ಡಿಗ್ರಿಗೆ ಬಂತು. ಹ್ಯಾಂಡಲನ್ನು ಮುಂದಕ್ಕೆ ಹಿಡಿಯುವ ಸ್ಟೆಮ್ ಉದ್ದ, ಹ್ಯಾಂಡಲ್ ಕಿರಿದು. ರಸ್ತೆ ಸೈಕಲ್ಲಿಗೆ ದಪ್ಪ ಟೈರು ಹಾಕಿದ ಹಾಗೆ. ಅದರಲ್ಲಿ ಇಳಿಯುವಾಗ ಮುಂದಕ್ಕೆ ಮುಗ್ಗರಿಸಿ ಬಿದ್ದವರು ಎಷ್ಟೋ. ಮುಂದಿನ ಚಕ್ರ ಹಿಡಿಯುವ ಕವಲಿಗೆ, ಅಂದರೆ ಫೋರ್ಕಿಗೆ, ಶಾಕ್ ಬಂದು, ಡಿಸ್ಕ್ ಬ್ರೇಕ್ ಬಂದು ಇಳಿಜಾರಿನ ವೇಗ ಹೆಚ್ಚಿದ ಮೇಲೆ ಕೋನ ಮತ್ತೆ ಮಲಗತೊಡಗಿತು. ಮೂವತ್ತು ವರ್ಷ ಸುತ್ತಾಡಿ, ಶ್ವಿನ್‌ಗಿಂತಲೂ ಓರೆಯಾಗಿ ನಿಂತಿದೆ. ಕಂಪನಿಗಳು ಇದನ್ನು ಹೊಸ ಜಾಮಿಟ್ರಿ ಅಂತ ಮಾರುತ್ತವೆ. ಮಾರಲಿ ಬಿಡಿ.

ಚಕ್ರದ ಗಾತ್ರದ ಕಥೆ ಇನ್ನೂ ಮಜಾ. ಆರಂಭದಲ್ಲಿ ಹೇಳಿದೆನಲ್ಲ, ಇಂಗ್ಲೆಂಡಿನ ಜೆಫ್ ಆ್ಯಪ್ಸ್, ಆತನಿಗೆ ಫಿನ್‌ಲ್ಯಾಂಡಿನ ಹಿಮದ ಟೈರುಗಳು ಸಿಕ್ಕಿದ್ದವು. ದೊಡ್ಡ ಚಕ್ರಕ್ಕೆ ಹೊಂದುವ ದಪ್ಪ ಟೈರು. 1980ರ ದಶಕದ ಆರಂಭದಲ್ಲಿ ಕೆಲವನ್ನು ಮರೀನ್‌ಗೂ ಕಳಿಸಿದ. ಅಲ್ಲಿನವರಿಗೆ ಹಿಡಿಸಿತು. ಆದರೆ ಬೇಕೆಂದಾಗ ಸಿಗುತ್ತಿರಲಿಲ್ಲ. ಶ್ವಿನ್‌ನಿಂದ ಬಂದ 26 ಇಂಚಿನ ಟೈರು ಸಿಗುತ್ತಿತ್ತು. ಲೋಕವೆಲ್ಲ 26ಕ್ಕೆ ಒಗ್ಗಿತು. 29 ಇಂಚಿನ ಸೈಕಲ್ಲಿಗೆಂದೇ ಮಾಡಿದ ದಪ್ಪ ಟೈರು ಡಬ್ಲ್ಯುಟಿಬಿ ಕಂಪನಿಯಿಂದ ಬಂದದ್ದು 1999ರಲ್ಲಿ. ಈಗ ಅದೇ ಎಲ್ಲ ಕಡೆ. ಸೈಕಲ್ ವಿನ್ಯಾಸದಲ್ಲಿ ಇಂಥದ್ದು ಬೇಕಾದಷ್ಟಿದೆ. ಲೆಕ್ಕ ಹಾಕಿ ತೀರ್ಮಾನಿಸಿದ್ದು ಅಂದುಕೊಂಡಿರುತ್ತೇವೆ, ಕೆದಕಿದರೆ ಆವತ್ತು ಅಂಗಡಿಯಲ್ಲಿ ಏನು ಸಿಕ್ಕಿತು ಅನ್ನುವುದಷ್ಟೇ ಇರುತ್ತದೆ.

ನಮ್ಮ ಕರಿ ಸೈಕಲ್ಲಿನ 28 ಇಂಚಿನ ರಿಮ್ ಗೊತ್ತಲ್ಲ? ಅದರ ಅಳತೆ 635 ಮಿಲಿಮೀಟರ್. ಈ 29 ಇಂಚು ಅನ್ನುವುದರ ರಿಮ್ 622. ನಮ್ಮದೇ ದೊಡ್ಡದು! ಇಂಗ್ಲಿಷರ ಹಳೆಯ ರೋಡ್‌ಸ್ಟರ್ ಮಾದರಿಯನ್ನೇ ಹರ್ಕ್ಯುಲಿಸ್, ಅಟ್ಲಾಸ್, ಹೀರೋ ಎಲ್ಲರೂ ಇಲ್ಲಿ ಮಾಡಿದ್ದು. ದೊಡ್ಡ ಚಕ್ರ, ಓರೆಯಾದ ಮುಂಗೊಳವೆ, ಮುಂದಕ್ಕೆ ಚೆನ್ನಾಗಿ ಬಾಗಿದ ಫೋರ್ಕ್, ಉದ್ದನೆಯ ಹಿಂಭಾಗ. ಗುಂಡಿ ಬಿದ್ದ ರಸ್ತೆ, ಮೂಟೆ ಹೊತ್ತ ಕ್ಯಾರಿಯರ್, ಇವೆರಡಕ್ಕೂ ಸರಿಯಾದ ಅಳತೆ ಅದು. ನನ್ನ ತಕರಾರು ಒಂದೇ. ಆ ಅಳತೆ ಒಳ್ಳೆಯದಿತ್ತು ಅನ್ನುವ ಕಾರಣಕ್ಕೆ ಯಾರೂ ಅದನ್ನು ಮತ್ತೆ ಮುಟ್ಟಲಿಲ್ಲ. ಕಾರ್ಖಾನೆ ಲೂಧಿಯಾನದಲ್ಲಿ, ತುಳಿಯುವವನು ಹಡಗಲಿಯಲ್ಲಿ. ಬ್ರೇಕ್ ಹಿಡಿಯಲ್ಲ ಅಂತ ಅವನು ಯಾರಿಗೆ ಹೇಳಬೇಕು? ಅವನು ಹೇಳಿದ್ದು ಓಣಿಯ ಸೈಕಲ್ ಶಾಪಿನವನಿಗೆ. ಆತ ಒಂದು ಬಲವಾದ ಸ್ಟ್ಯಾಂಡ್ ಹಾಕಿಕೊಟ್ಟ, ಫೋರ್ಕಿಗೆ ಇನ್ನೆರಡು ಸರಳು ಕಟ್ಟಿಕೊಟ್ಟ. ನಿಜವಾದ ವಿನ್ಯಾಸದ ಕೆಲಸ ನಡೆದದ್ದು ಆ ಅಂಗಡಿಯಲ್ಲೇ. ಅದು ಕಾರ್ಖಾನೆಗೆ ಮಾತ್ರ ವಾಪಸು ಮುಟ್ಟಲಿಲ್ಲ.

ಮರೀನ್‌ಗೆ ಮರಳಿದರೆ, ಅಲ್ಲಿ ಚಾರ್ಲಿ ಕನ್ನಿಂಗ್‌ಹ್ಯಾಮ್ ಎಂಬ ಇನ್ನೊಬ್ಬ ವಿಚಿತ್ರ ಮನುಷ್ಯ. ಎಲ್ಲರೂ ಉಕ್ಕು ಅಂದರೆ ಈತ 1979ರಲ್ಲೇ ದಪ್ಪ ಅಲ್ಯೂಮಿನಿಯಂ ಕೊಳವೆಯಲ್ಲಿ ಬೆಟ್ಟದ ಸೈಕಲ್ ಮಾಡಿದ. ಬಣ್ಣ ಹೊಡೆಯಲಿಲ್ಲ, ತೂಕ ದಂಡ ಅಂತ. ಈತ ಮಾಡಿದ ಸೈಕಲ್ ಏರಿ ಜಾಕ್ವಿ ಫೀಲನ್ 1983, 84, 85, ಮೂರೂ ವರ್ಷ ಅಮೆರಿಕದ ಮಹಿಳಾ ಚಾಂಪಿಯನ್ ಆದರು. ಆಮೇಲೆ ಹೆಣ್ಣುಮಕ್ಕಳನ್ನು ಬೆಟ್ಟಕ್ಕೆ ಕರೆತರಲು ಒಂದು ಸಂಘ ಕಟ್ಟಿದರು. ಹೆಸರು ‘ಮಹಿಳಾ ಮೌಂಟನ್ ಬೈಕ್ ಮತ್ತು ಚಹಾ ಸಂಘ’. ರೇಸಿಗಿಂತ ಚಹಾಕ್ಕೆ ಬಂದವರೇ ಜಾಸ್ತಿ ಇದ್ದರೂ ಇರಬಹುದು, ಬಂದರಲ್ಲ! ಈ ಮಂದಿಯದೇ ಪತ್ರಿಕೆಯೂ ಇತ್ತು. ಕೆಲ್ಲಿ ಮತ್ತು ಡೆನೀಸ್ ಕರಮಾಗ್ನೊ 1980ರಿಂದ 87ರವರೆಗೆ ನಡೆಸಿದ ‘ಫ್ಯಾಟ್ ಟೈರ್ ಫ್ಲೈಯರ್’. ಅರ್ಧ ಜೋಕು, ಅರ್ಧ ರಿಪೇರಿ.

ಆಳಿಗೆ ತಕ್ಕ ಫ್ರೇಮ್ ಅನ್ನುವಾಗ ನನಗೆ ತಟ್ಟನೆ ನೆನಪಾಗುವುದು ಜಾರ್ಜಿನಾ ಟೆರಿ. ಆಕೆ ಬೆಟ್ಟದವರಲ್ಲ, ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನ ಎಂಜಿನಿಯರ್. ಮನೆಯ ನೆಲಮಾಳಿಗೆಯಲ್ಲಿ ಫ್ರೇಮ್ ಬೆಸೆಯಲು ಕಲಿತರು. ಎತ್ತರ ಕಡಿಮೆ ಇರುವ ಹೆಣ್ಣುಮಕ್ಕಳಿಗೆ ಕಂಪನಿಗಳು ದೊಡ್ಡ ಸೈಕಲ್ಲನ್ನೇ ಸ್ವಲ್ಪ ಕುಗ್ಗಿಸಿ ಕೊಡುತ್ತಿದ್ದವು. ಚಕ್ರ ಮಾತ್ರ ಅದೇ ಗಾತ್ರ. ಹಾಗಾಗಿ ಹ್ಯಾಂಡಲ್ ದೂರ, ತಿರುಗಿಸಿದರೆ ಕಾಲ್ಬೆರಳು ಚಕ್ರಕ್ಕೆ ತಾಗುತ್ತದೆ. ಟೆರಿ ಮುಂದಿನ ಚಕ್ರವನ್ನೇ 24 ಇಂಚಿಗೆ ಇಳಿಸಿ, ಹಿಂದಿನದನ್ನು ದೊಡ್ಡದಾಗಿಯೇ ಬಿಟ್ಟರು. ನೋಡಲು ವಿಚಿತ್ರ. ಆದರೆ ಕೂತವರಿಗೆ ಮೊದಲ ಸಲ ಬೆನ್ನು ನೋಯಲಿಲ್ಲ. 1985ರಲ್ಲಿ ಅದೇ ಅವರ ಕಂಪನಿಯಾಯಿತು. ಇಲ್ಲಿ ಕೂತಿರುವ ಎಷ್ಟು ಜನ ನಿಮ್ಮ ಅಕ್ಕತಂಗಿಯರಿಗೆ ‘ಸೀಟು ಇಳಿಸ್ಕೋ, ಸರಿ ಹೋಗುತ್ತೆ’ ಅಂದಿದ್ದೀರಿ? ನಗಬೇಡಿ.

ಇನ್ನು ದಾರಿಯ ಜಗಳ. ಟ್ಯಾಮಲ್‌ಪಾಯಸ್‌ನ ಕಾಲುದಾರಿಗಳಲ್ಲಿ ಸೈಕಲ್ಲಿಗೆ ನಿಷೇಧ ಬಂತು. ಅಗಲ ರಸ್ತೆಗಳಲ್ಲಿ ಗಂಟೆಗೆ 15 ಮೈಲಿ ಮಿತಿ, ರೇಂಜರ್‌ಗಳ ಕೈಯಲ್ಲಿ ರೇಡಾರ್. ಎಲ್ಲಿ ಹುಟ್ಟಿತೋ ಅಲ್ಲೇ ತಡೆ. ನಡೆಯುವವರ, ಕುದುರೆಯವರ ದೂರಿನಲ್ಲಿ ಅರ್ಥವಿಲ್ಲದೆ ಇರಲಿಲ್ಲ. ಬೆಂಗಳೂರಿನ ತುರಹಳ್ಳಿಗೆ ಹೋಗುವವರಿಗೆ ಇದು ಹೊಸದಲ್ಲ. ಅದು ಅರಣ್ಯ ಇಲಾಖೆಯ ಜಾಗ, ನಾವು ಅತಿಥಿಗಳು. ಮಳೆ ನಿಂತ ಮರುದಿನ ಹಸಿ ಮಣ್ಣಲ್ಲಿ ಟೈರು ಎಳೆದರೆ ಆ ಗೆರೆಯಲ್ಲೇ ಮುಂದಿನ ಮಳೆಯ ನೀರು ಹರಿದು ದಾರಿ ಕೊಚ್ಚಿ ಹೋಗುತ್ತದೆ. ಎರಡು ದಿನ ಬಿಟ್ಟು ಹೋಗಿ.

ಕೊನೆಗೆ ಸಭೆಯಲ್ಲಿ ಬಂದ ಎರಡು ಪ್ರಶ್ನೆ.

ಹಿರಿಯರೊಬ್ಬರು ಕೇಳಿದರು: ‘ಮಣ್ಣಿನ ದಾರಿಗೆ ಸೈಕಲ್ ತಗೊಂಡಿದ್ದೀನಿ, ಮೈಯೆಲ್ಲ ಅದುರುತ್ತೆ. ಬೇರೆ ತಗೋಬೇಕಾ?’ ಬೇಡ ಸಾರ್. ಮೊದಲು ಗಾಳಿ ಇಳಿಸಿ. ಪಂಕ್ಚರ್ ಅಂಗಡಿಯಲ್ಲಿ ಕಲ್ಲಿನಂತಾಗುವ ತನಕ ತುಂಬುತ್ತಾರೆ. ಎರಡು ಇಂಚು ದಪ್ಪದ ಟೈರಿಗೆ ಅದರ ಅರ್ಧ ಸಾಕು. ಟ್ಯೂಬ್ ಇದ್ದರೆ ತೀರಾ ಇಳಿಸಬೇಡಿ, ಕಲ್ಲಿಗೆ ಹೊಡೆದಾಗ ರಿಮ್ ಕಚ್ಚಿ ಪಂಕ್ಚರ್ ಆಗುತ್ತದೆ. ಸ್ವಲ್ಪ ಸ್ವಲ್ಪ ಇಳಿಸುತ್ತಾ ನೋಡಿ.

ಒಬ್ಬ ಹುಡುಗ, ಡಿಪ್ಲೊಮಾ ಓದುತ್ತಿರುವವನು, ಕೇಳಿದ: ‘ನಾನೇ ಫ್ರೇಮ್ ಮಾಡಬಹುದಾ ಸಾರ್?’ ಮಾಡಬಹುದು. ಹೆಬ್ಬಾಳ, ಮೇಟಗಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಗ್ಯಾಸ್ ವೆಲ್ಡಿಂಗ್ ಬಲ್ಲವರಿದ್ದಾರೆ, ಅಲ್ಲಿಂದ ಚಾಮುಂಡಿ ಬೆಟ್ಟದ ಬುಡಕ್ಕೆ ಒಂದು ಗಂಟೆ ದಾರಿಯೂ ಇಲ್ಲ. ಮೊದಲು ಗುಜರಿ ಸೈಕಲ್ಲಿನ ಕೊಳವೆ ತುಂಡುಗಳನ್ನು ಬೆಸೆದು ಕಲಿ. ಬೆಸೆದ ಮೇಲೆ ಸಂದನ್ನು ಉದ್ದಕ್ಕೆ ಗರಗಸದಿಂದ ಸೀಳಿ ನೋಡು, ಹಿತ್ತಾಳೆ ಒಳಗಿನವರೆಗೂ ಹೋಗಿದೆಯಾ ಅಂತ. ಹೊರಗೆ ಚಂದ ಕಂಡು ಒಳಗೆ ಖಾಲಿ ಇರುವುದೇ ಜಾಸ್ತಿ. ಅದು ಸರಿಯಾದ ಮೇಲೆ ಫ್ರೇಮಿಗೆ ಕೈ ಹಾಕು. ಫೋರ್ಕ್ ಮಾತ್ರ ಮೊದಲ ಸಲ ಅಂಗಡಿಯದೇ ಇರಲಿ. ಫ್ರೇಮ್ ಬಿರುಕು ಬಿಟ್ಟರೆ ಕಿರಕಿರ ಸದ್ದು ಮಾಡಿ ಹೇಳುತ್ತದೆ, ಫೋರ್ಕ್ ಹೇಳುವುದಿಲ್ಲ.